ಹಿತ್ತಿಲ ಕೊಳದ ನೀರುಗಂಟಿ

ನಮ್ಮ ಕಡೆಯ ಹಳ್ಳಿಗಳಲ್ಲಿ ಹಿಂದೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ತೆಗೆಯುವುದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು, ಕೆರೆಯ ಮೇಲೆ ಸದಾ ಒಂದು ಕಣ್ಣಿಡುವುದು ಅವನ ಕೆಲಸ. ಎಪ್ಪತ್ತು ದಾಟಿದ ಮೇಲೆ ನನಗೂ ಆ ಹುದ್ದೆ ಸಿಕ್ಕಿತು. ಆದರೆ ಸಿಕ್ಕಿದ್ದು ಅಮೆರಿಕದ ಟೆಕ್ಸಾಸ್‌ನಲ್ಲಿರುವ ಮಗಳ ಮನೆಯ ಹಿತ್ತಿಲಲ್ಲಿ!

ಅಲ್ಲಿ ಬೇಸಿಗೆಯಲ್ಲಿ 38 ಡಿಗ್ರಿ ಸೆಲ್ಸಿಯಸ್ ಬಿಸಿಲು ಮಾಮೂಲು. ಮಕ್ಕಳು ಆಡಲೆಂದು ಮಗಳು-ಅಳಿಯ ಒಂದು ಈಜುಕೊಳ ತಂದು ನಿಲ್ಲಿಸಿದ್ದರು. ನೆಲ ಅಗೆದು ಕಟ್ಟಿದ್ದಲ್ಲ, ನೆಲದ ಮೇಲೇ ನಿಲ್ಲುವಂಥದ್ದು. ಸುತ್ತ ಉಕ್ಕಿನ ಕೊಳವೆಗಳ ಚೌಕಟ್ಟು, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಹತ್ತಿಳಿಯಲು ಏಣಿ, ಪಕ್ಕದಲ್ಲಿ ಪುಟ್ಟ ಪಂಪು ಮತ್ತು ಫಿಲ್ಟರ್. ಅಗಲ 15 ಅಡಿ, ನೀರಿನ ಆಳ ಮೂರೂವರೆ ಅಡಿ. ಏಳನೇ ತರಗತಿಯ ಮೊಮ್ಮಗ ಲೆಕ್ಕ ಹಾಕಿ, “ತಾತ, ಸುಮಾರು ಹದಿನೇಳೂವರೆ ಸಾವಿರ ಲೀಟರ್!” ಎಂದ. ಅಂದರೆ ಹದಿನೇಳೂವರೆ ಟನ್ ಭಾರ. ಅದಕ್ಕೇ ಕೆಳಗಿನ ನೆಲ ಮಟ್ಟಸವಾಗಿರಬೇಕು.

ಇಷ್ಟು ನೀರನ್ನು ಬೇಕೆಂದಾಗ ಚೆಲ್ಲಿ ಹೊಸದಾಗಿ ತುಂಬಲಾಗುವುದಿಲ್ಲ. ಇದ್ದ ನೀರನ್ನೇ ಬೇಸಿಗೆ ಪೂರ್ತಿ ಕಾಪಾಡಬೇಕು. ಬೆಳಿಗ್ಗೆ ಕಾಫಿ ಮುಗಿಸಿ, ಜಾಲರಿ ಹಿಡಿದು ಎಲೆ, ಹುಳು ತೆಗೆಯುತ್ತಿದ್ದೆ. ಉದ್ದ ಹಿಡಿಯ ಬ್ರಷ್ಷಿನಿಂದ ಒಳಗೋಡೆ ಉಜ್ಜುತ್ತಿದ್ದೆ, ಪಾಚಿ ಅಂಟಿಕೊಳ್ಳುವುದು ಅಲ್ಲೇ. ಫಿಲ್ಟರಿನೊಳಗಿನ ಮಡಿಕೆ ಮಡಿಕೆಯಾದ ಉರುಳೆಯನ್ನು ಬಿಚ್ಚಿ ತೊಳೆಯುತ್ತಿದ್ದೆ.

ನೀರನ್ನು ಪರೀಕ್ಷಿಸುವ ಕೆಲಸ ಮೊಮ್ಮಗನದು. ಕಾಗದದ ಸಣ್ಣ ಪಟ್ಟಿಯನ್ನು ಅದ್ದಿದರೆ ಅದರ ಮೇಲಿನ ಚೌಕಗಳು ಬಣ್ಣ ಬದಲಿಸುತ್ತವೆ. ಅವನ್ನು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ ನೋಡಬೇಕು. “ಇದು ಹೇಗೆ ತಾತ?” ಎಂದು ಕೇಳಿದ. ಉತ್ತರ ಕೊಟ್ಟವಳು ಅವನ ಅಜ್ಜಿ. ಬಟ್ಟಲ ನೀರಿಗೆ ಅರಿಶಿನ ಕದಡಿ, ತನ್ನ ಎಲೆಅಡಿಕೆ ಡಬ್ಬಿಯಿಂದ ಚಿಟಿಕೆ ಸುಣ್ಣ ಹಾಕಿದಳು. ಹಳದಿ ನೀರು ಕೆಂಪಾಯಿತು, ನಮ್ಮ ಆರತಿ ತಟ್ಟೆಯ ನೀರು! ನಿಂಬೆರಸ ಹಿಂಡಿದಳು, ಮತ್ತೆ ಹಳದಿ. ಸುಣ್ಣದ ಕ್ಷಾರಕ್ಕೆ ಕೆಂಪು, ನಿಂಬೆಯ ಆಮ್ಲಕ್ಕೆ ಹಳದಿ. ಪಟ್ಟಿಯೂ ಹೀಗೇ ಬಣ್ಣದಲ್ಲಿ ಮಾತಾಡುತ್ತದೆ.

ಈ ಆಮ್ಲ-ಕ್ಷಾರಗಳನ್ನು ಅಳೆಯುವ ‘ಪಿಎಚ್’ ಮಾನವನ್ನು 1909ರಲ್ಲಿ ರೂಪಿಸಿದವರು ಡೆನ್ಮಾರ್ಕಿನ ವಿಜ್ಞಾನಿ ಸೋರೆನ್‌ಸೆನ್. 7 ಎಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಈಜುಕೊಳದ ನೀರು 7.2ರಿಂದ 7.8ರೊಳಗೆ ಇದ್ದರೆ ಒಳ್ಳೆಯದು. ತೀರಾ ಇಳಿದರೆ ಕಣ್ಣು ಉರಿಯುತ್ತದೆ, ಏರಿದರೆ ಕ್ಲೋರಿನ್ನಿನ ಶಕ್ತಿ ಕುಂದುತ್ತದೆ. ಪಿಎಚ್ ದಿನಕ್ಕೊಂದು ರೀತಿ ಕುಣಿಯದಂತೆ ಹಿಡಿದಿಡಲು ನಮ್ಮ ಅಡುಗೆ ಸೋಡಾ ಸಹಾಯಕ್ಕೆ ಬರುತ್ತದೆ.

ಊರಿನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ನೋಡಿದವರಿಗೆ ಕ್ಲೋರಿನ್ ಹೊಸದಲ್ಲ. ಕೊಳದ ಹತ್ತು ಲಕ್ಷ ಪಾಲು ನೀರಿಗೆ ಅದು 1ರಿಂದ 3 ಪಾಲು ಇದ್ದರೆ ಸಾಕು, ರೋಗಾಣುಗಳು ಸಾಯುತ್ತವೆ. ಬಿಸಿಲಿಗೆ ಅದು ಬೇಗ ನಾಶವಾಗುವುದರಿಂದ ಅಳಿಯ ಸೂರ್ಯ ಮುಳುಗಿದ ಮೇಲೆ ಅಳೆದು ಹಾಕುತ್ತಿದ್ದರು. ಆಗ ಮಕ್ಕಳು ಹತ್ತಿರ ಬರುವಂತಿರಲಿಲ್ಲ. ಒಂದು ತಮಾಷೆ ಕೇಳಿ: ಹಂಫ್ರಿ ಡೇವಿ 1810ರಲ್ಲಿ ಈ ಹೆಸರಿಟ್ಟದ್ದು ‘ತಿಳಿಹಸಿರು’ ಎಂಬ ಅರ್ಥದ ಗ್ರೀಕ್ ಪದದಿಂದ. ಹಸಿರು ಹೆಸರಿನದೇ ಹಸಿರು ಪಾಚಿಗೆ ಶತ್ರು!

ಆ ಶತ್ರುತ್ವವನ್ನು ಜುಲೈ ತಿಂಗಳಲ್ಲಿ ಕಣ್ಣಾರೆ ಕಂಡೆವು. ನಾವೆಲ್ಲ ಎರಡು ದಿನ ಬೇರೆ ಊರಿಗೆ ಹೋಗಿದ್ದಾಗ ಗುಡುಗು ಸಹಿತ ಮಳೆ ಸುರಿದು ಕರೆಂಟು ಹೋಗಿತ್ತು, ಪಂಪು ನಿಂತಿತ್ತು. ಮಂಗಳವಾರ ಬಂದು ನೋಡಿದರೆ ಕೊಳವೆಲ್ಲ ಹಸಿರು. ಶನಿವಾರ ಮೊಮ್ಮಗನ ಐದಾರು ಗೆಳೆಯರು ಈಜಲು ಬರುವವರಿದ್ದರು. ಅವನ ಮುಖ ಸಪ್ಪಗಾಯಿತು.

ಗೋಡೆ ಉಜ್ಜಿದೆವು. ರಾತ್ರಿ ಹೆಚ್ಚು ಕ್ಲೋರಿನ್ ಹಾಕಿ ಹಗಲೂ ರಾತ್ರಿ ಪಂಪು ಓಡಿಸಿದೆವು. ಗಂಟೆಗಟ್ಟಲೆ ಕಾದು ಉರುಳೆ ತೊಳೆದೆವು, ಮತ್ತೆ ಕಾದೆವು. ಬುಧವಾರ ಪಾಚಿ ಸತ್ತು ನೀರು ನೀರುಮಜ್ಜಿಗೆಯಂತಾಯಿತು. ಶುಕ್ರವಾರ ತಳದಲ್ಲಿ ಹಾಕಿದ ನಾಣ್ಯ ಸ್ಪಷ್ಟವಾಗಿ ಕಂಡಿತು. “ತಾತ, ನಾಳೆ ಇಳಿಯಬಹುದು!” ಎಂದು ಕುಣಿದ.

“ಪಟ್ಟಿ ಏನು ಹೇಳುತ್ತೆ, ಮರಿ?” ಎಂದೆ.

ಪಟ್ಟಿ ಬೇಡ ಎಂದಿತು. ಕ್ಲೋರಿನ್ ಇನ್ನೂ ಮಿತಿಗಿಂತ ಬಹಳ ಮೇಲಿತ್ತು. ಶನಿವಾರ ಬೆಳಿಗ್ಗೆಯೂ ಅಷ್ಟೇ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಾನೇ ಒಬ್ಬೊಬ್ಬರಿಗೂ ಫೋನ್ ಮಾಡಿ, “ಇವತ್ತು ಈಜು ಇಲ್ಲ, ಬ್ಯಾಟ್ ತನ್ನಿ” ಎಂದ. ಕಣ್ಣಿಗೆ ತಿಳಿಯಾಗಿ ಕಂಡ ನೀರು ಮೈಗೂ ಹಿತವೇ ಎಂದು ಹೇಳಲಾಗದು, ಅಳೆದೇ ನೋಡಬೇಕು. ಆಸೆಯನ್ನು ಅದುಮಿಟ್ಟು ಆ ಮಾತಿಗೆ ತಲೆಬಾಗಿದ ಅವನನ್ನು ಕಂಡು ನನಗೆ ಹೆಮ್ಮೆಯಾಯಿತು. ಭಾನುವಾರ ಸಂಜೆ ಪಟ್ಟಿ 3 ತೋರಿಸಿತು. ಆಮೇಲೆ ಕೇಳಬೇಕೆ!

ಮಕ್ಕಳೇ, ಈಜುಕೊಳದಲ್ಲಿ ಮೂಗಿಗೆ ಹೊಡೆಯುವ ವಾಸನೆ ಬಂದರೆ ‘ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ’ ಎಂದುಕೊಳ್ಳಬೇಡಿ. ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಬೆರೆತಾಗ ಹುಟ್ಟುವ ವಾಸನೆ ಅದು. ಆದ್ದರಿಂದ ಮೈ ತೊಳೆದುಕೊಂಡೇ ಇಳಿಯಿರಿ. ತಳ ಕಾಣದ ನೀರಿಗೆ ಇಳಿಯಲೇಬೇಡಿ.

ಅಜ್ಜ-ಅಜ್ಜಿಯರಿಗೂ ಒಂದು ಮಾತು. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ನೀರಿನಲ್ಲಿ ಮುಳುಗುವುದೇ ಮೊದಲ ಕಾರಣ. ನಮ್ಮ ಮನೆಯಲ್ಲೂ ಮೂರು ವರ್ಷದ ಮೊಮ್ಮಗಳಿದ್ದಾಳೆ. ಮಕ್ಕಳು ನೀರಲ್ಲಿದ್ದಷ್ಟು ಹೊತ್ತು ದೊಡ್ಡವರೊಬ್ಬರು ಫೋನ್ ಬದಿಗಿಟ್ಟು ನೋಡುತ್ತಿರಬೇಕು. ಆಟ ಮುಗಿದೊಡನೆ ಏಣಿ ಎತ್ತಿ ಒಳಗಿಟ್ಟು ಬೀಗ ಹಾಕುವ ಕೆಲಸವನ್ನು ನಾನು ಒಂದು ದಿನವೂ ಇನ್ನೊಬ್ಬರಿಗೆ ಬಿಡಲಿಲ್ಲ.

ಆರು ತಿಂಗಳು ಮುಗಿದು ಹೊರಡುವಾಗ ಬೀಗದ ಕೈಯನ್ನು ಮಗಳಿಗೂ, ಲೆಕ್ಕದ ಪುಸ್ತಕವನ್ನು ಮೊಮ್ಮಗನಿಗೂ ಒಪ್ಪಿಸಿ ಬಂದೆ. ಈಗಲೂ ಬೇಸಿಗೆಯ ಭಾನುವಾರಗಳಂದು ವಿಡಿಯೊ ಕರೆಯಲ್ಲಿ ಹೊಸ ನೀರುಗಂಟಿಯ ವರದಿ ಬರುತ್ತದೆ: “ಪಿಎಚ್ 7.4, ಕ್ಲೋರಿನ್ 2, ಏಣಿ ಒಳಗಿದೆ ತಾತ.”