ಕೊಡತಿಯಂಥ ಪಟರ್ ಮತ್ತು ಮಾವನ ತಕರಾರು

ಗಾಲ್ಫ್ ಅಂದ ಕೂಡ್ಲೇ ನಿಮ್ಮಲ್ಲಿ ಅರ್ಧ ಜನ ಮೂಗು ಮುರೀತೀರಿ ಅಂತ ಗೊತ್ತು. ದುಡ್ಡಿದ್ದೋರ ಆಟ, ಹೊಟ್ಟೆ ಬಂದೋರ ಆಟ ಇತ್ಯಾದಿ. ಇಲ್ಲಿ ನ್ಯೂಜೆರ್ಸಿಯಲ್ಲಿ ಅಷ್ಟೊಂದು ಹಾಗಿಲ್ಲ. ಕೌಂಟಿಯವರೇ ನಡೆಸೋ ಮೈದಾನಗಳಿವೆ. ಪ್ಲಂಬರು, ಮೇಷ್ಟ್ರು, ನನ್ನಂಥ ಸಾಫ್ಟ್‌ವೇರ್ ಕೂಲಿಗಳು ಎಲ್ಲಾ ಬರ್ತಾರೆ. ನಮ್ಮನೆ ಹತ್ತಿರದ ಮೈದಾನದಲ್ಲಿ ಪಟಿಂಗ್ ಅಭ್ಯಾಸ ಮಾಡೋ ಹುಲ್ಲುಹಾಸಿಗೆ ಕಾಸೂ ಕೊಡಬೇಕಿಲ್ಲ. ಆದ್ದರಿಂದ ಮೂಗು ಆಮೇಲೆ ಮುರೀರಿ, ಮೊದಲು ಓದಿ :-)

ಪಟರ್ ಅಂದ್ರೆ ಚೆಂಡನ್ನ ಕೊನೆಗೆ ಕುಳಿಗೆ ಉರುಳಿಸೋ ಕೋಲು. ಮುಖ್ಯವಾಗಿ ಎರಡು ಜಾತಿ. ಬ್ಲೇಡ್ ಅಂದ್ರೆ ತೆಳ್ಳಗಿನ ಪಟ್ಟಿಯಂಥ ತಲೆ. ಮ್ಯಾಲೆಟ್ ಅಂದ್ರೆ ಹಿಂದಕ್ಕೆ ಚಾಚಿಕೊಂಡಿರೋ ದಪ್ಪ ತಲೆ, ನಮ್ಮ ಬಡಗಿಗಳ ಕೊಡತಿ ಇದ್ದ ಹಾಗೆ. ಹೆಸರಾಂತ ಕಂಪನಿಗಳ ಮ್ಯಾಲೆಟ್ ಬೇಕು ಅಂದ್ರೆ 300-400 ಡಾಲರ್ ಬಿಚ್ಚಬೇಕು. ನಾನು ತಂದಿದ್ದು 70 ಡಾಲರಿಂದು. ತಂದಿದ್ದು ನನಗಲ್ಲ, ಮಾವನಿಗೆ.

ಮಾವ ತೀರ್ಥಹಳ್ಳಿ ಕಡೆ ಡ್ರಿಲ್ ಮೇಷ್ಟ್ರಾಗಿದ್ದು ರಿಟೈರ್ ಆದೋರು. ಆರು ತಿಂಗಳಿಗೆ ಅಂತ ಇಲ್ಲಿಗೆ ಬಂದಿದ್ದಾರೆ. ಬಲಗೈ ನಡುಗುತ್ತೆ. ಡಾಕ್ಟರು ಹೆದರೋ ಅಂಥದ್ದೇನಲ್ಲ ಅಂದಿದ್ದಾರೆ. ಆದ್ರೆ ಮನೆಗೆ ಯಾರಾದ್ರೂ ಬಂದ್ರೆ ಮಾವ ಕಾಫಿ ಮುಟ್ಟೋದೇ ಇಲ್ಲ, "ಈಗಷ್ಟೇ ಕುಡಿದೆ" ಅಂತಾರೆ. ಐವತ್ತು ವರ್ಷ ಮಕ್ಕಳ ಮುಂದೆ ನೆಟ್ಟಗೆ ನಿಂತಿದ್ದ ಮನುಷ್ಯ ಇಡೀ ದಿನ ಕಿಟಕಿ ಹತ್ರ ಕೂತಿರೋದನ್ನ ನೋಡೋಕಾಗ್ತಿರಲಿಲ್ಲ.

ಗಾಲ್ಫ್ ಬಗ್ಗೆ ಅವರಿಗೆ ಗೊತ್ತಿದ್ದಿದ್ದು ಒಂದೇ, ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್. 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೆಯವಳಾದಳಲ್ಲ, ಆ ಶನಿವಾರ ಬೆಳಗಿನ ಜಾವ ಎದ್ದು ಟೀವಿ ಮುಂದೆ ಕೂತಿದ್ರಂತೆ. "ಆ ಹುಡುಗಿ ದೂರ ಹೊಡೀತಿರಲಿಲ್ಲ, ಆದ್ರೆ ಹತ್ರ ಬಂದ ಮೇಲೆ ಗೋಲಿ ಆಡಿದ ಹಾಗೆ ಆಡ್ತಿದ್ಲು" ಅಂತ ಈಗಲೂ ಹೇಳ್ತಾರೆ. ಸರಿ, ನಾವೂ ಗೋಲಿ ಆಡೋಣ ಬನ್ನಿ ಅಂತ ಕರ್ಕೊಂಡು ಹೋದೆ.

ಮೊದಲು ನನ್ನ ಹಳೇ ಬ್ಲೇಡ್ ಕೊಟ್ಟೆ. ಆರು ಅಡಿ ದೂರದಿಂದ 20 ಚೆಂಡು. ಮೂರು ಒಳಗೆ ಹೋದವು. ಇಳಿಜಾರು ಯಾವ ಕಡೆ ಅಂತ ಅವರ ಕಣ್ಣಿಗೆ ನನಗಿಂತ ಚೆನ್ನಾಗಿ ಕಾಣ್ತಿತ್ತು, ಕೈ ಕೇಳ್ತಿರಲಿಲ್ಲ ಅಷ್ಟೇ. ಚೆಂಡು ಒಮ್ಮೆ ಪಟರ್‌ನ ತುದಿಗೆ, ಒಮ್ಮೆ ಬುಡಕ್ಕೆ ತಾಗ್ತಿತ್ತು.

ಆ ವಾರವೇ ಮ್ಯಾಲೆಟ್ ತಂದೆ. ಇದರ ಗುಟ್ಟು ಏನಪ್ಪಾ ಅಂದ್ರೆ, ತೂಕವನ್ನ ನಡುವಿನಿಂದ ತೆಗೆದು ಅಂಚುಗಳಿಗೆ, ಹಿಂಬದಿಗೆ ಹಂಚಿರ್ತಾರೆ. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯೋರು ಉದ್ದದ ಕೋಲು ಹಿಡಿದಿರ್ತಾರಲ್ಲ, ಅದೇ ಲೆಕ್ಕ. ತೂಕ ದೂರದಲ್ಲಿದ್ದಷ್ಟೂ ತಿರುಚೋದು ಕಷ್ಟ. ಚೆಂಡು ತುದಿಗೆ ತಾಗಿದ್ರೂ ತಲೆ ಹೆಚ್ಚು ತಿರುಗಲ್ಲ. ಪರೀಕ್ಷೆಗೆ ಅಂತಲೇ ನಾನು 20 ಅಡಿಯಿಂದ ಬೇಕಂತ ತುದಿಯಲ್ಲಿ ಹೊಡೆದು ನೋಡಿದೆ. ಬ್ಲೇಡ್‌ನಲ್ಲಿ ಚೆಂಡು ಸುಮಾರು ಮೂರು ಅಡಿ ಹಿಂದೆ ನಿಂತರೆ, ಮ್ಯಾಲೆಟ್‌ನಲ್ಲಿ ಒಂದಡಿ. ನಡುವಿನಲ್ಲಿ ಸರಿಯಾಗಿ ತಾಗಿದಾಗ ಮಾತ್ರ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ. ಆರು ಅಡಿಯಿಂದ ನನ್ನ ಲೆಕ್ಕ 20ಕ್ಕೆ 9 ಇದ್ದದ್ದು 10 ಆಯ್ತು. ಮಾವನದು 3 ಇದ್ದದ್ದು 8!

ನಾನು ಕುಣಿದಾಡಿದೆ. ಮಾವನ ಮುಖ ಮಾತ್ರ ಗಂಟು.

"ಅಲ್ಲಾ ಅಳಿಯಂದ್ರೇ, ಇದು ಮೋಸ ಅಲ್ವೇ? ಕೋಲೇ ಆಡ್ತಿದೆ, ನಾನೆಲ್ಲಿ ಆಡ್ತಿದೀನಿ?"

ಡ್ರಿಲ್ ಮೇಷ್ಟ್ರ ಪ್ರಶ್ನೆ ನೋಡಿ! ತಮಾಷೆ ಅಂದ್ರೆ, ಇದು ನೂರು ವರ್ಷಕ್ಕೂ ಹಳೇ ತಕರಾರು. 1904ರಲ್ಲಿ ವಾಲ್ಟರ್ ಟ್ರಾವಿಸ್ ಅನ್ನೋ ಅಮೆರಿಕದ ಆಟಗಾರ ಬ್ರಿಟಿಷ್ ಅಮೆಚೂರ್ ಗೆದ್ದ. ಕೈಯಲ್ಲಿದ್ದಿದ್ದು ಸ್ಕೆನೆಕ್ಟಡಿ ಪಟರ್, ಅಂದ್ರೆ ನಡುವಿಗೆ ಕೋಲು ಜೋಡಿಸಿದ ಅಲ್ಯೂಮಿನಿಯಂ ಮ್ಯಾಲೆಟ್. 1910ರಲ್ಲಿ ಸೇಂಟ್ ಆಂಡ್ರ್ಯೂಸ್‌ನ ಹಿರಿಯರು ಆ ಬಗೆಯ ಪಟರ್‌ಗಳನ್ನೇ ನಿಷೇಧಿಸಿಬಿಟ್ರು. ಅಮೆರಿಕದಲ್ಲಿ ಅದೇ ಪಟರ್ ನ್ಯಾಯ, ಬ್ರಿಟನ್ನಿನಲ್ಲಿ ಅನ್ಯಾಯ! 1950ರ ದಶಕದ ಆರಂಭದವರೆಗೂ ಈ ಜಗಳ ಬಗೆಹರೀಲಿಲ್ಲ. ಈಗ ಎಲ್ಲಾ ಕಡೆ ಮ್ಯಾಲೆಟ್ ನಡೆಯುತ್ತೆ.

ಇದನ್ನೆಲ್ಲಾ ಮಾವನಿಗೆ ಹೇಳಿದೆ. ಒಪ್ಪಲಿಲ್ಲ. "ಕಾನೂನು ಒಪ್ಪಿದ್ರೆ ಆಯ್ತಾ?" ಅಂದ್ರು. ಎರಡು ದಿನ ಬ್ಲೇಡ್‌ನಲ್ಲೇ ಹಟ ಹಿಡಿದು ಆಡಿದ್ರು. ಮೂರನೇ ದಿನ ಅವರೇ ಮ್ಯಾಲೆಟ್ ಎತ್ಕೊಂಡು ಅಂದ್ರು, "ಹೈಜಂಪ್‌ನಲ್ಲಿ ಯಾವ ಹುಡುಗನಿಗೂ ನಾನು ಕೋಲು ಇಳಿಸಿಕೊಟ್ಟೋನಲ್ಲ. ಆದ್ರೆ ಕಾಲಿಗೆ ಮುಳ್ಳು ಚುಚ್ಚಿದ್ರೆ ತೆಗೆದು ಕಳಿಸ್ತಿದ್ದೆ. ಕುಳಿ ಅಷ್ಟೇ ಇದೆ ತಾನೇ?" ಹೌದು ಮಾವ, ಕುಳಿ ಎಲ್ಲರಿಗೂ ಒಂದೇ, ನಾಲ್ಕೂಕಾಲು ಇಂಚು ಅಗಲ. ಯಾವ ಪಟರ್ ತಂದರೂ ಅದು ದೊಡ್ಡದಾಗಲ್ಲ, ಇಳಿಜಾರನ್ನ ಕೋಲು ಓದಿಕೊಡಲ್ಲ.

ಕೊಳ್ಳೋರಿಗೆ ಎರಡು ಮಾತು. ಪಟರ್‌ನ ಕೋಲನ್ನ ತಲೆಯ ಹತ್ತಿರ ಬೆರಳ ಮೇಲೆ ಅಡ್ಡಲಾಗಿ ತೂಗಿಸಿ ನೋಡಿ. ಮುಖ ಆಕಾಶ ನೋಡಿದ್ರೆ ಅದು ನೇರ ಹಿಂದೆ-ಮುಂದೆ ಬೀಸೋರಿಗೆ ಒಗ್ಗುತ್ತೆ. ತುದಿ ಕೆಳಗೆ ಜೋತುಬಿದ್ರೆ, ಸ್ವಲ್ಪ ಕಮಾನಿನ ಹಾಗೆ ಬೀಸೋರಿಗೆ. ಇನ್ನು ಅಗ್ಗದ್ದರಲ್ಲಿ ಕೊರತೆ ಇಲ್ಲ ಅಂತಲ್ಲ. ನಮ್ಮದರ ಸದ್ದು ಟಪ್ ಅಂತ ಸ್ವಲ್ಪ ಪೊಳ್ಳು, ಹಿಡಿಯ ರಬ್ಬರ್ ಸಾಧಾರಣ, ಎರಡೇ ವಾರಕ್ಕೆ ಬಣ್ಣ ಒಂದು ಕಡೆ ಎದ್ದಿದೆ. ತಲೆ ಭಾರ ಅನಿಸೋದರಿಂದ ಮೊದಮೊದಲು ಚೆಂಡು ಕುಳಿ ದಾಟಿ ಓಡುತ್ತೆ. ಆದ್ರೆ ತೂಕ ಅಂಚಿನಲ್ಲಿರೋ ಲಾಭಕ್ಕೆ ಬ್ರ್ಯಾಂಡಿನ ಹಂಗಿಲ್ಲ, 70 ಡಾಲರಿಗೂ ಸಿಗುತ್ತೆ.

ಮಾವನ ಕೈ ಈಗಲೂ ನಡುಗುತ್ತೆ. ಆದ್ರೆ ದಿನಾ ಸಂಜೆ ಐದಕ್ಕೆ ಷೂ ಹಾಕ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ಅಲ್ಲಿಗೆ ಬರೋ ಇಬ್ಬರು ಮುದುಕರ ಜೊತೆ ಹರಕು ಮುರುಕು ಇಂಗ್ಲಿಷಿನಲ್ಲಿ ಪಂದ್ಯ ಕಟ್ತಾರೆ. ಮೊನ್ನೆ ಅವರು ಕೊಟ್ಟ ಕಾಫಿ ಅರ್ಧ ಚೆಲ್ಲಿದ್ರೂ ಕುಡಿದ್ರು.

ಮುಂದಿನ ತಿಂಗಳು ಊರಿಗೆ ವಾಪಸ್. ಪಟರ್ ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಹಿಡಿಸುತ್ತಾ ಅಂತ ನಿನ್ನೆ ಟೇಪ್ ಹಿಡಿದು ಅಳೀತಿದ್ರು. ಅತ್ತೆಗೆ ಆ ಜಾಗದಲ್ಲಿ ಬಾದಾಮಿ ಪ್ಯಾಕೆಟ್ ಇಡಬೇಕಂತೆ. ಯಾರು ಗೆದ್ರು ಅಂತ ಮುಂದೆ ಹೇಳ್ತೀನಿ...