ಕೂಸು ಘಟ್ಟ ಇಳಿದ ದಿನ

ಮಲೆನಾಡಿನ ತವರಿನಲ್ಲಿ ಹುಟ್ಟಿದ ಕೂಸು ಕರಾವಳಿಯ ತಂದೆಯ ಮನೆಗೆ ಮೊದಲ ಬಾರಿ ಹೊರಡುವಾಗ ಒಂದು ಮನೆಯಲ್ಲಿ ಕಳುಹುವ ಸಂಕಟ, ಇನ್ನೊಂದರಲ್ಲಿ ಕಾಯುವ ಕಾತರ. ನಡುವೆ ಘಟ್ಟ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆಗಳ ಮೇಲೆ ಹಾಯ್ದು ಉಡುಪಿಗೆ ಸುಮಾರು 150 ಕಿಲೋಮೀಟರು. ಒಂಟಿಯಾಗಿ ಹೋಗುವವನಿಗೆ ಕೆಲವು ಗಂಟೆಗಳ ದಾರಿ. ಎಳೆಗೂಸಿನೊಡನೆ ಹೊರಟವರಿಗೆ ಇಡೀ ದಿನದ್ದು.

ಕಾರ್ತಿಕದ ಒಂದು ಬೆಳಗ್ಗೆ ಹಾಗೆ ಹೊರಟ ಐದು ತಿಂಗಳ ಕೂಸಿಗೆ ಹೊಸ ಕುಲಾವಿ, ಕೆನ್ನೆಗೆ ದೃಷ್ಟಿಬೊಟ್ಟು ಎಲ್ಲವೂ ಆಗಿದ್ದವು. ಬಾಣಂತಿಗೆ ಜೊತೆಯಾಗಿ ಅಜ್ಜಿಯೂ ಹೊರಟಿದ್ದರು. ಕಾರಿನ ಹಿಂಬದಿಯಲ್ಲಿ, ಮುಖ ಹಿಂದಕ್ಕಾಗುವಂತೆ ಬಿಗಿದಿದ್ದ ಬೇಬಿ ಸೀಟನ್ನು ಕಂಡು ಅವರ ಹುಬ್ಬು ಗಂಟಿಕ್ಕಿತು.

"ಹೆತ್ತವಳ ಮಡಿಲಿಗಿಂತ ಭದ್ರವಾದ ಜಾಗ ಉಂಟೇ ಅಳಿಯಂದಿರೇ? ಕೂಸನ್ನು ಹೀಗೆ ಕಟ್ಟಿಹಾಕುವುದೇ?"

ಉತ್ತರ ಮಗಳಿಂದ ಬಂದಿತು: "ಮಡಿಲು ಪಕ್ಕದಲ್ಲೇ ಇರುತ್ತದಮ್ಮ. ಬ್ರೇಕು ಬಿದ್ದಾಗ ನನ್ನ ಕೈ ನನ್ನ ಮಾತು ಕೇಳಬೇಕಲ್ಲ!"

ಮಾತು ನಿಜ. ವೇಗದ ಗಾಡಿ ಥಟ್ಟನೆ ನಿಂತಾಗ ಏಳು ಕಿಲೋ ತೂಗುವ ಕೂಸು ತೋಳಿಗೆ ಹಲವು ಪಟ್ಟು ಭಾರವಾಗುತ್ತದೆ. ಯಾವ ತಾಯಿಯ ಹಿಡಿತವೂ ಆಗ ನಿಲ್ಲದು. ಹಿಮ್ಮುಖದ ಸೀಟಾದರೋ ಎಳೆಯ ತಲೆ, ಕತ್ತು, ಬೆನ್ನುಗಳಿಗೆ ಒಟ್ಟಿಗೇ ಆಸರೆ ಕೊಡುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯೂ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಿಂದಲೋ ಇಂತಹ ಸೀಟಿನಿಂದಲೋ ಭದ್ರಪಡಿಸದವರಿಗೆ 1,000 ರೂಪಾಯಿ ದಂಡ ವಿಧಿಸುತ್ತದೆ. ಅಜ್ಜಿ ಒಪ್ಪಲಿಲ್ಲ, ಸುಮ್ಮನಾದರು, ಅಷ್ಟೆ.

ಸಕ್ಕರೆಬೈಲಿನ ಆನೆಬಿಡಾರವನ್ನೂ, ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಮಂಡಗದ್ದೆಯನ್ನೂ ಕೂಸು ನಿದ್ದೆಯಲ್ಲೇ ದಾಟಿತು. ತೀರ್ಥಹಳ್ಳಿಯಲ್ಲಿ ಎದ್ದು ಅತ್ತಿತು. ತುಂಗೆಯ ದಂಡೆಯಲ್ಲಿ ಗಾಡಿ ನಿಂತಿತು. ಸೀಟಿನಿಂದ ಬಿಡಿಸಿ ಎತ್ತಿಕೊಂಡೊಡನೆ ಅಳು ನಗೆಯಾಯಿತು.

ಆಗುಂಬೆಯಲ್ಲಿ ಕೂಸು ಹಾಲು ಕುಡಿದ ಮೇಲೆ ಅಳಿಯ ಅವಸರಪಟ್ಟಾಗ ಅಜ್ಜಿ ತಡೆದರು. "ತುಂಬಿದ ಹೊಟ್ಟೆಯಲ್ಲಿ ತಿರುವು ಇಳಿಸಬಾರದು. ತೇಗು ಬರಲಿ, ತುಸು ತಡೆಯಿರಿ." ಕೂಸು ಅಜ್ಜಿಯ ಹೆಗಲ ಮೇಲೆ ಅರ್ಧ ಗಂಟೆ ಕಾಡು ನೋಡಿತು. ಈ ಅಪ್ಪಣೆಗೆ ಯಾರೂ ಎದುರಾಡಲಿಲ್ಲ.

ಅಲ್ಲಿಂದ ಮುಂದೆ 14 ಹೇರ್‌ಪಿನ್ ತಿರುವುಗಳು. ಒಂದು ಬದಿ ಬಂಡೆ, ಇನ್ನೊಂದು ಬದಿ ಕಣ್ಣು ಮುಟ್ಟುವವರೆಗೆ ಹಸಿರು ಕಣಿವೆ. ಆಕಾಶ ತಿಳಿಯಾಗಿದ್ದ ಸಂಜೆ ದೂರದಲ್ಲಿ ಅರಬ್ಬೀ ಸಮುದ್ರದ ಗೆರೆಯೂ ಕಾಣುವುದುಂಟು. ಒಂದು ತಿರುವಿನಲ್ಲಿ ಮರಿಯನ್ನು ಅವುಚಿಕೊಂಡ ಕೋತಿಯೊಂದು ರಸ್ತೆಗೆ ಹಾರಿತು. ಬ್ರೇಕು ಕಿರುಚಿತು. ಅಜ್ಜಿಯ ಕೈ ಕೂಸಿನತ್ತ ಚಾಚಿತು. ಮುಟ್ಟುವ ಮೊದಲೇ ಅವರೇ ಮುಂದಕ್ಕೆ ವಾಲಿದ್ದರು. ಸೀಟಿನಲ್ಲಿ ಕೂಸು ಅಲುಗಲಿಲ್ಲ; ಕಣ್ಣು ತೆರೆದು ಮತ್ತೆ ಮುಚ್ಚಿತು. ಅಜ್ಜಿ ಮಾತಾಡದೆ ತಮ್ಮ ಸೀಟ್ ಬೆಲ್ಟನ್ನು ಎಳೆದು ಬಿಗಿದುಕೊಂಡರು.

ಸೋಮೇಶ್ವರದ ಬಳಿ ಘಟ್ಟ ಮುಗಿದು ಸೆಕೆ ಮುಖಕ್ಕೆ ರಾಚಿತು. ಕುಲಾವಿ ಕಳಚಿತು. ಸೀತಾನದಿ, ಹೆಬ್ರಿ ದಾಟಿ ಉಡುಪಿ ತಲುಪಿದಾಗ ದೀಪ ಹಚ್ಚುವ ಹೊತ್ತು. ಬಾಗಿಲಲ್ಲೇ ಕೆಂಪು ನೀರಿನ ಆರತಿ ಎತ್ತಿ ಬೀಗಿತಿ ವಿಚಾರಿಸಿದರು:

"ದಾರಿಯುದ್ದಕ್ಕೂ ಯಾರ ಮಡಿಲಲ್ಲಿತ್ತು ನಮ್ಮ ಕೂಸು?"

"ಯಾರ ಮಡಿಲೂ ಬೇಕಾಗಲಿಲ್ಲ," ಎಂದರು ಅಜ್ಜಿ. "ಅದಕ್ಕೆ ಅದರದೇ ಸೀಟು ಉಂಟು!"