ಎಂಟು ದಿನದ ರಜೆ, ಒಂಬತ್ತು ಊರು

ಪರೀಕ್ಷೆ ಮುಗಿಯಿತು, ಇನ್ನು ಮಕ್ಕಳಿಗೆ ರಜೆ ಎನ್ನುವ ಮಾತು ಹಳೆಯದಾಯಿತು. ಮನೆಯಲ್ಲಿ ಹದಿಹರೆಯದ ಮಕ್ಕಳಿಬ್ಬರಿದ್ದರೆ ಬೇಸಿಗೆಯಷ್ಟು ಗಡಿಬಿಡಿಯ ಕಾಲ ಮತ್ತೊಂದಿಲ್ಲ. ಮೈಸೂರಿನ ಈ ಕುಟುಂಬಕ್ಕೆ 2025ರ ಬೇಸಿಗೆ ಬಂದದ್ದೂ ಹಾಗೆಯೇ. ಅಪ್ಪ ಬ್ಯಾಂಕಿನಲ್ಲಿ, ಅಮ್ಮ ಪ್ರೌಢಶಾಲೆಯಲ್ಲಿ. ಮಗಳು ದ್ವಿತೀಯ ಪಿಯುಸಿ ಮುಗಿಸಿದವಳು, ಮಗ ಹತ್ತನೇ ತರಗತಿಗೆ ಕಾಲಿಡುತ್ತಿರುವವನು. ಏಪ್ರಿಲ್ 8ಕ್ಕೆ ಪಿಯುಸಿ ಫಲಿತಾಂಶ, 16 ಮತ್ತು 17ಕ್ಕೆ ಸಿಇಟಿ. ಒಂದೊಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಅದು ಮುಗಿಯಿತು ಎನ್ನುವಷ್ಟರಲ್ಲಿ ಮಗನ ಟ್ಯೂಷನ್ ಶುರುವಾಗಿತ್ತು. ಅಮ್ಮನಿಗೆ ಉತ್ತರ ಪತ್ರಿಕೆ ತಿದ್ದುವ ಕೆಲಸ. ಇವುಗಳ ನಡುವೆ ಎರಡು ಮದುವೆ, ಒಂದು ಗೃಹಪ್ರವೇಶ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕದ ಚೌಕವೇ ಉಳಿದಿರಲಿಲ್ಲ.

ಆದರೂ ಅಪ್ಪ ಹಟ ಹಿಡಿದು ಮೇ ತಿಂಗಳಲ್ಲಿ ಎಂಟು ದಿನ ರಜೆ ಹಾಕಿದರು. ರೈಲಿನ ಟಿಕೆಟನ್ನು ಈಗ 60 ದಿನ ಮೊದಲಷ್ಟೇ ಕಾದಿರಿಸಬಹುದು. ಅವರು ಸರಿಯಾಗಿ ಅರವತ್ತನೆಯ ದಿನ ಬೆಳಿಗ್ಗೆ ಎದ್ದು ಕುಳಿತು ತಾಳಗುಪ್ಪ ರೈಲಿಗೆ ನಾಲ್ಕು ಬರ್ತ್ ಹಿಡಿದಿದ್ದರು. ಒಂದು ಹಾಳೆಯಲ್ಲಿ ಪ್ರವಾಸದ ಪಟ್ಟಿಯೂ ಸಿದ್ಧವಾಯಿತು. ಜೋಗ, ಇಕ್ಕೇರಿ, ಕೆಳದಿ, ಅಜ್ಜಿಯ ಊರು, ಕೊಡಚಾದ್ರಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ, ಬನವಾಸಿ. ಎಂಟು ದಿನಕ್ಕೆ ಒಂಬತ್ತು ಊರು. "ಇದು ಪ್ರವಾಸವೋ, ಸಿಇಟಿಯೋ?" ಎಂದು ಮಗಳು ಕೇಳಿದಳು. ಅಪ್ಪ ನಗಲಿಲ್ಲ. ಮುಂದಿನ ವರ್ಷ ಅವಳು ಎಲ್ಲಿರುತ್ತಾಳೋ, ನಾಲ್ವರೂ ಒಟ್ಟಿಗೆ ಹೊರಡುವ ಬೇಸಿಗೆ ಇದೇ ಕೊನೆಯದಿರಬಹುದು ಎಂಬ ಯೋಚನೆ ಅವರ ತಲೆಯಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ. ಹೇಳಲಾಗದ್ದನ್ನು ಪಟ್ಟಿ ಮಾಡಿದ್ದರು, ಅಷ್ಟೆ.

ಮೊದಲ ದಿನ ಪಟ್ಟಿಯಂತೆಯೇ ನಡೆಯಿತು. ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿದು ಜೋಗಕ್ಕೆ ಹೋದರು. ಮೇ ತಿಂಗಳ ಜೋಗದಲ್ಲಿ 253 ಮೀಟರಿನ ಬಂಡೆ ಕಾಣುತ್ತದೆ, ನೀರನ್ನು ಹುಡುಕಬೇಕು. ರಾಜಾ, ರಾಣಿ, ರೋರರ್, ರಾಕೆಟ್ ಎಂದು ಅಪ್ಪ ಬೆರಳು ತೋರಿಸಿದಲ್ಲೆಲ್ಲ ಬಿಳಿಯ ಗೆರೆಗಳಿದ್ದವು. "ನೀರೆಲ್ಲ ಎಲ್ಲಿ?" ಎಂದ ಮಗ. "ಮೇಲೆ, ಲಿಂಗನಮಕ್ಕಿಯಲ್ಲಿ. ನಾಳೆ ಅದರ ಮೇಲೇ ಹೋಗುತ್ತೇವೆ" ಎಂದಳು ಅಮ್ಮ. ಮಧ್ಯಾಹ್ನ ಇಕ್ಕೇರಿಯ ಅಘೋರೇಶ್ವರ, ಸಂಜೆ ಕೆಳದಿಯಲ್ಲಿ ವೀರಭದ್ರ ದೇವಸ್ಥಾನದ ಛಾವಣಿಯ ಗಂಡಭೇರುಂಡ. ಮಗ ಅದರ ಫೋಟೋ ತೆಗೆದು ತಲೆ ತಗ್ಗಿಸಿದವನು ಮತ್ತೆ ಎತ್ತಲಿಲ್ಲ. ಮೊಬೈಲಿನಲ್ಲಿ ಕಂಡ ಗಂಡಭೇರುಂಡವೇ ಅವನಿಗೆ ಸಾಕಾಗಿತ್ತು.

ಎರಡನೆಯ ದಿನ ಸಾಗರದಿಂದ ಬಸ್ಸು ಹಿಡಿದು ಅಂಬಾರಗೋಡ್ಲಿಗೆ ಬಂದರು. ಅಮ್ಮನ ತವರು ಶರಾವತಿ ಹಿನ್ನೀರಿನ ಆಚೆ, ತುಮರಿಯ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ತುಂಬಿದ ಮೇಲೆ ಆ ಭಾಗ ಹೆಚ್ಚುಕಡಿಮೆ ದ್ವೀಪವೇ ಆಯಿತು. ಅಲ್ಲಿಂದ ಮುಂದೆ ಹಾಲು, ಅಕ್ಕಿ, ಮದುಮಗಳು, ಗರ್ಭಿಣಿ, ಹೆಣ, ಎಲ್ಲವೂ ದಾಟಿದ್ದು ನೀರಿನ ಮೇಲೆಯೇ. ಲಾಂಚಿನ ಪಕ್ಕದಲ್ಲೇ ಹೊಸ ಸೇತುವೆ ಎದ್ದು ನಿಂತಿತ್ತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ, ನಡುವೆ ಎತ್ತರದ ಕಂಬಗಳಿಂದ ಇಳಿಬಿಟ್ಟ ತಂತಿಗಳು. ಇನ್ನೆರಡು ತಿಂಗಳಲ್ಲಿ ಉದ್ಘಾಟನೆ ಎಂದು ಅಕ್ಕಪಕ್ಕದವರು ಮಾತನಾಡುತ್ತಿದ್ದರು. "ಹಾಗಾದರೆ ನಾವು ಲಾಂಚಿನಲ್ಲಿ ಹೋಗುವುದು ಇದೇ ಕೊನೆ" ಎಂದಳು ಮಗಳು. ಅವಳ ಕಣ್ಣು ದಡದ ಕಾಡಿನ ಮೇಲಿತ್ತು. ಅಮ್ಮ ಕಂಬಿ ಹಿಡಿದು ಸುಮ್ಮನೆ ನಿಂತಳು. ಕಾಲೇಜಿಗೆಂದು ಅವಳು ಟ್ರಂಕು ಹಿಡಿದು ಹೀಗೇ ದಾಟಿದ್ದಳು. ದಡದಲ್ಲಿ ನಿಂತಿದ್ದ ಅಜ್ಜಿ ಚಿಕ್ಕದಾಗುತ್ತ ಹೋದದ್ದು ನೆನಪಿತ್ತು.

ಆ ರಾತ್ರಿಯೇ ಮಗನಿಗೆ ಜ್ವರ ಬಂತು. ಹಗಲು ಹಲಸಿನ ತೊಳೆ ಲೆಕ್ಕವಿಲ್ಲದೆ ತಿಂದಿದ್ದ, ತೋಟದ ಕೆರೆಯಲ್ಲಿ ಮಧ್ಯಾಹ್ನವೆಲ್ಲ ಬಿದ್ದುಕೊಂಡಿದ್ದ. ಊರಿನ ವೈದ್ಯರು ನೋಡಿ, ಹೆದರಬೇಕಾದ್ದೇನಿಲ್ಲ, ಮೂರು ದಿನ ಅಲುಗಾಡಿಸಬೇಡಿ ಎಂದರು. ಅದರ ಹಿಂದೆಯೇ ಮುಂಗಾರು ಪೂರ್ವದ ಮಳೆ ಹಿಡಿಯಿತು. ಕೊಡಚಾದ್ರಿ ಹೋಯಿತು, ಕೊಲ್ಲೂರು ಹೋಯಿತು. ಅಪ್ಪ ಜಗಲಿಯಲ್ಲಿ ಕುಳಿತು ಪಟ್ಟಿಯ ಮೇಲೆ ಒಂದೊಂದೇ ಗೀಟು ಎಳೆದರು. ಕೊನೆಗೆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ನಿಜವಾದ ರಜೆ ಶುರುವಾದದ್ದು ಆಗ. ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಮೊದಲ ದಿನ ಮಗ ಗೊಣಗಿದ, ಎರಡನೆಯ ದಿನ ಅಟ್ಟದ ಹಳೆಯ ರೇಡಿಯೋ ಬಿಚ್ಚಿ ಕುಳಿತ. ಮಳೆ ಬಿಡುವು ಕೊಟ್ಟಾಗಲೆಲ್ಲ ಹಲಸಿನ ಹಪ್ಪಳದ ಕೆಲಸ. ಹಿಟ್ಟು ಅರೆಯುವವಳು ಅಮ್ಮ, ಉಂಡೆ ಕಟ್ಟುವವಳು ಅಜ್ಜಿ, ಒತ್ತುವವರು ಅಪ್ಪ. ಅವರು ಒತ್ತಿದ ಹಪ್ಪಳ ಒಂದೂ ಗುಂಡಗಿರಲಿಲ್ಲ. ಮಗಳು ಮಾತ್ರ ಬೆಳಿಗ್ಗೆಯೇ ಸೋದರಮಾವನ ಜೊತೆ ತೋಟ, ಬೆಟ್ಟ ಎಂದು ಹೊರಟರೆ ಊಟದ ಹೊತ್ತಿಗೇ ಬರುತ್ತಿದ್ದಳು. ಒಂದು ನೋಟ್‌ಬುಕ್ ತುಂಬ ಮರಗಳ ಹೆಸರು. ನಂದಿ, ಮತ್ತಿ, ಹೊನ್ನೆ, ರಂಜಲು, ಮುರುಗಲು. ಹೆಸರಿನ ಪಕ್ಕ ಎಲೆಯ ಚಿತ್ರ.

ಐದನೆಯ ದಿನದ ರಾತ್ರಿ ಊಟದ ಹೊತ್ತಿನಲ್ಲಿ ಅವಳು ಹೇಳಿಬಿಟ್ಟಳು. "ಅಪ್ಪ, ನನಗೆ ಎಂಜಿನಿಯರಿಂಗ್ ಬೇಡ. ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಅಲ್ಲಿ ಬಿ.ಎಸ್ಸಿ. ಓದಬೇಕು."

ಬಡಿಸುತ್ತಿದ್ದ ಅಮ್ಮನ ಕೈ ನಿಂತಿತು. ಅಪ್ಪನಿಗೆ ಸಿಟ್ಟಿಗಿಂತ ದಿಗಿಲೇ ಹೆಚ್ಚು. ಎರಡು ವರ್ಷ ಕಟ್ಟಿದ ಕೋಚಿಂಗ್ ಫೀಸು ನೆನಪಾಯಿತು, ಕಂಪ್ಯೂಟರ್ ಸೈನ್ಸ್ ಮಾಡಿದ ಅಣ್ಣನ ಮಗನ ಸಂಬಳ ನೆನಪಾಯಿತು. "ಮೂರು ದಿನ ಕಾಡು ತಿರುಗಿದವರೆಲ್ಲ ಅರಣ್ಯಾಧಿಕಾರಿ ಆಗುವುದಿಲ್ಲ" ಎಂದರು. "ಮೂರು ದಿನದ್ದಲ್ಲ. ಒಂದು ವರ್ಷದಿಂದ ಯೋಚನೆ ಮಾಡಿದ್ದೇನೆ. ನಿಮಗೆ ಹೇಳಲು ಹೊತ್ತೇ ಸಿಗಲಿಲ್ಲ" ಎಂದಳು ಅವಳು. ಆ ಕೊನೆಯ ಮಾತು ಅಪ್ಪನಿಗೆ ನಾಟಿತು. ಒಂದೇ ಸೂರಿನಡಿ ಇದ್ದ ಮಗಳಿಗೆ ಒಂದು ವರ್ಷ ಹೊತ್ತು ಸಿಗಲಿಲ್ಲ ಎಂದರೆ ಆ ಮನೆಯ ಟೈಂಟೇಬಲ್ಲಿನಲ್ಲೇ ಏನೋ ತಪ್ಪಿದೆ. ಆದರೂ ಅವರು ಎದ್ದು ಹೊರಗೆ ಹೋದರು.

ಜಗಲಿಯಲ್ಲಿ ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಳು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅಜ್ಜಿಯೇ ಶುರುಮಾಡಿದಳು. "ನೀರು ಬಂದಾಗ ನನಗೆ ಹದಿನೇಳು. ಮುಳುಗುವುದಕ್ಕೆ ಮುಂಚೆ ಮನೆಯ ಹೆಂಚು, ತೊಲೆ ಎಲ್ಲ ಬಿಚ್ಚಿದರು. ಕೆಲವರು ಶಿವಮೊಗ್ಗದ ಕಡೆ ಹೋದರು, ಕೆಲವರು ಇಲ್ಲೇ ಗುಡ್ಡ ಹತ್ತಿದರು. ಎಲ್ಲಿಗೆ ಹೋಗುತ್ತೀಯ ಅಂತ ನಮ್ಮಂಥ ಹುಡುಗಿಯರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಇಲ್ಲೇ ಇರುತ್ತೇನೆ ಅಂತಲೇ ಹೇಳುತ್ತಿದ್ದೆನೋ ಏನೋ. ಆದರೆ ಕೇಳಬೇಕಿತ್ತು."

ಅಪ್ಪ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮಗಳು ಬೆಟ್ಟಕ್ಕೆ ಹೊರಟಾಗ ಅವರೂ ಚಪ್ಪಲಿ ಮೆಟ್ಟಿದರು. ಹೊಳೆಯ ಅಂಚಿನಲ್ಲಿ ಇಬ್ಬರೂ ಬಹಳ ಹೊತ್ತು ಕುಳಿತರು. ಆ ಕೋರ್ಸಿನಲ್ಲಿ ಏನು ಕಲಿಸುತ್ತಾರೆ, ಮುಂದೆ ಯಾವ ಪರೀಕ್ಷೆ ಬರೆಯಬಹುದು, ಕೆಲಸ ಸಿಗದಿದ್ದರೆ ಏನು ಮಾಡುವುದು, ಎಲ್ಲವನ್ನೂ ಅಪ್ಪ ಬ್ಯಾಂಕಿನವರ ಕ್ರಮದಲ್ಲೇ ಕೇಳಿದರು. ಕೆಲವಕ್ಕೆ ಅವಳಲ್ಲಿ ಉತ್ತರವಿತ್ತು, ಕೆಲವಕ್ಕೆ ಇರಲಿಲ್ಲ. ಇಲ್ಲದ್ದನ್ನು ಅವಳು ಇಲ್ಲವೆಂದೇ ಒಪ್ಪಿಕೊಂಡಳು. ಅಪ್ಪನಿಗೆ ಧೈರ್ಯ ಬಂದದ್ದು ಅದರಿಂದಲೇ. ಪಿಯುಸಿಯಲ್ಲಿ ಗಣಿತ, ಜೀವಶಾಸ್ತ್ರ ಎರಡನ್ನೂ ಓದಿದ್ದಳಾದ್ದರಿಂದ ಎರಡೂ ಬಾಗಿಲು ತೆರೆದಿದ್ದವು.

ಮೇ 24ಕ್ಕೆ ಸಿಇಟಿ ಫಲಿತಾಂಶ ಬಂತು. ಎಂಜಿನಿಯರಿಂಗಿಗೂ ಕೃಷಿ ವಿಜ್ಞಾನಗಳಿಗೂ ಬೇರೆ ಬೇರೆ ರ‍್ಯಾಂಕ್. ಎರಡೂ ಸುಮಾರಾಗಿದ್ದವು, ಎರಡನೆಯದು ತುಸು ಮೇಲು. ಆಯ್ಕೆ ನಮೂದಿಸುವ ದಿನ ನಾಲ್ವರೂ ಕಂಪ್ಯೂಟರಿನ ಮುಂದೆ ಕುಳಿತರು. ಇಲ್ಲಿ ಅನೇಕ ಮನೆಗಳಲ್ಲಿ ಒಂದು ತಪ್ಪು ಆಗುತ್ತದೆ: ಸಿಗಬಹುದಾದದ್ದನ್ನು ಮೇಲೆ, ಬೇಕಾದದ್ದನ್ನು ಕೆಳಗೆ ಬರೆಯುತ್ತಾರೆ. ಪಟ್ಟಿಯನ್ನು ಮೇಲಿನಿಂದ ನೋಡುತ್ತಾರೆ. ರ‍್ಯಾಂಕಿಗೆ ಸಿಗುವ ಮೊದಲ ಆಯ್ಕೆಯನ್ನು ಕೊಟ್ಟರೆ ಕೆಳಗಿನದು ಆ ಸುತ್ತಿನಲ್ಲಿ ಲೆಕ್ಕಕ್ಕಿಲ್ಲ. ಆದ್ದರಿಂದ ನಿಜವಾಗಿ ಬೇಕಾದದ್ದೇ ಮೊದಲು ಬರಬೇಕು. ಮೊದಲ ಸಾಲಿಗೆ ಶಿರಸಿಯ ಅರಣ್ಯ ಕಾಲೇಜು ಹೋಯಿತು. ಎಂಜಿನಿಯರಿಂಗನ್ನೂ ಕೆಳಗೆ ಬರೆದರು. ಅದು ಅವಳು ಅಪ್ಪನ ಸಮಾಧಾನಕ್ಕೆಂದು ಒಪ್ಪಿದ್ದು. ಒತ್ತುವ ಮುನ್ನ ಅಪ್ಪ ಮತ್ತೊಮ್ಮೆ ಕೇಳಿದರು, "ಖಾತ್ರಿಯಾ?" ಅವಳು ತಲೆಯಾಡಿಸಿದಳು. ಗುಂಡಿ ಒತ್ತಿದ್ದು ಅವಳೇ.

ಸೇತುವೆ ಜುಲೈ 14ರಂದು ತೆರೆಯಿತು. ದೀಪಾವಳಿಗೆ ಅಜ್ಜಿಯ ಮನೆಗೆ ಹೊರಟಾಗ ಬಸ್ಸು ಕೆಲವೇ ನಿಮಿಷದಲ್ಲಿ ಆಚೆ ದಡ ಮುಟ್ಟಿತು. ಕೆಳಗೆ ಹಿನ್ನೀರು ತುಂಬಿ ನಿಂತಿತ್ತು. ಮಗ ಕಿಟಕಿಯಿಂದ ಲಾಂಚು ನಿಲ್ಲುತ್ತಿದ್ದ ಜಾಗ ಹುಡುಕಿದ. ಮಗಳು ಶಿರಸಿಯ ಹಾಸ್ಟೆಲಿನಿಂದ ಒಂದು ದಿನ ಮೊದಲೇ ಬಂದು ಅಜ್ಜಿಯ ಜೊತೆ ಅಂಗಳದಲ್ಲಿ ನಿಂತಿದ್ದಳು. ತುಸು ಕಪ್ಪಾಗಿದ್ದಳು, ಬಾಯಿ ತುಂಬ ಮಾತಿತ್ತು. ಮೊದಲ ತಿಂಗಳು ಅತ್ತದ್ದನ್ನೂ ಹೇಳಿದಳು, ಮುಚ್ಚಿಡಲಿಲ್ಲ.

"ಈ ಸಲ ಎಷ್ಟು ಊರು?" ಎಂದು ಅಜ್ಜಿ ಅಳಿಯನನ್ನು ಕೇಳಿದಳು.

"ಇದೊಂದೇ" ಎಂದು ಅವರು ಕೈಚೀಲವನ್ನು ಜಗಲಿಯ ಮೇಲಿಟ್ಟರು.